ಹನ್ನೆರಡೂ ಸರಿ, ಇಪ್ಪತ್ತೂ ಸರಿ

ಹೊಸದಾಗಿ ಗಣಿತ ಕಲಿಸಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಮಕ್ಕಳಲ್ಲಿ ಗಣಿತದ ಭಯ ಹೋಗಲಾಡಿಸುವುದು ಹೇಗೆ ಎಂದು. ನನಗೆ ಗೊತ್ತಿಲ್ಲ. ಭಯ ಹೋಗಲಾಡಿಸುವ ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿರಲಿಲ್ಲ. ನನ್ನ ಕೆಲಸ ಮೈನಸ್ ಚಿಹ್ನೆಗಳನ್ನು ಕಾಯುವುದಾಗಿತ್ತು.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹೈಸ್ಕೂಲಿನಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ದೊಡ್ಡ ಪ್ರಮೇಯಗಳಲ್ಲಿ ಅಲ್ಲ. ಪ್ರಮೇಯ ಬಾರದವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. x ನ ವರ್ಗ ಇರುವ ಒಂದು ಬೀಜೋಕ್ತಿ ಕೊಟ್ಟು, x ಬದಲಿಗೆ ಇಷ್ಟು ಹಾಕಿ ಬೆಲೆ ಕಂಡುಹಿಡಿಯಿರಿ ಎಂದಾಗ ಮಾತ್ರ ಎಲ್ಲರೂ ಕೈ ಹಾಕುತ್ತಾರೆ, ಅರ್ಧ ಮಂದಿ ಜಾರಿ ಬೀಳುತ್ತಾರೆ. ಬಿದ್ದದ್ದು ಗೊತ್ತೂ ಆಗುವುದಿಲ್ಲ. ಉತ್ತರ ಬಂದಿದೆಯಲ್ಲ, ಕೆಳಗೆ ಎರಡು ಗೆರೆ ಎಳೆದು ಖುಷಿಯಲ್ಲಿ ಮನೆಗೆ ಹೋಗುತ್ತಾರೆ. ಈ ಒಂದು ಇಳಿಜಾರಿನಲ್ಲಿ ನಾನು ಮೂವತ್ತಕ್ಕೂ ಹೆಚ್ಚು ವರ್ಷ ನಿಂತಿದ್ದೆ. ಅಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ. ಬಡ್ತಿ, ಸನ್ಮಾನ, ಶಾಲು ಇತ್ಯಾದಿಗಳ ವಿಷಯ ನಿಮಗೆ ಬೇಡ, ನನಗೂ ಬೇಡ.

ಮೊದಲ ಕೆಲಸ ಕಾರ್ಕಳದಲ್ಲಿ. ಅಲ್ಲಿ ನನಗಿಂತ ಹಿರಿಯರಾದ ಗಣಿತದ ಮಾಸ್ಟ್ರೊಬ್ಬರಿದ್ದರು. ಸೂತ್ರಗಳನ್ನು ಮಕ್ಕಳಿಂದ ರಾಗವಾಗಿ ಹೇಳಿಸುತ್ತಿದ್ದರು. ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಎಂದು ಅವರು ಎತ್ತಿಕೊಟ್ಟರೆ ಇಡೀ ತರಗತಿ ಭಜನೆಯಂತೆ ಪೂರ್ತಿ ಮಾಡುತ್ತಿತ್ತು. ಕೇಳಲು ಚೆಂದ. ಅದೇ ಮಕ್ಕಳಿಗೆ ನನ್ನ ತರಗತಿಯಲ್ಲಿ (x + 3)² ಬಿಡಿಸಲು ಹೇಳಿದರೆ x² + 9 ಎಂದು ಬರೆದು ಕೂರುತ್ತಿದ್ದರು. ಬಾಯಿಗೂ ಕೈಗೂ ಮಾತುಕತೆಯೇ ಇರಲಿಲ್ಲ.

ನಾನು ಆಗ ಹೊಸಬಳು, ಹುರುಪು ಜಾಸ್ತಿ. ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಸುಣ್ಣದ ಪುಡಿಯಿಂದ ಒಂದು ಚೌಕ ಎಳೆಸಿದೆ. ಇದು ನಿಮ್ಮ ಮನೆಯ ಅಂಗಳ, ಬದಿ x ಎಂದೆ. ಈಗ ಅಂಗಳವನ್ನು ಎರಡು ದಿಕ್ಕಿಗೂ ಮೂರು ಮೂರು ಅಡಿ ಹಿಗ್ಗಿಸಿ ಎಂದೆ. ಗೆರೆ ಎಳೆದರು. ಮೂಲೆಯಲ್ಲಿ ಒಂಬತ್ತು ಚದರಡಿಯ ಪುಟ್ಟ ಚೌಕವೊಂದು ಬಂತು. ಅದರ ಎರಡೂ ಪಕ್ಕಕ್ಕೆ ಉದ್ದುದ್ದ ಪಟ್ಟಿಗಳು ಬಿದ್ದುಕೊಂಡಿದ್ದವು. ಹುಡುಗಿಯೊಬ್ಬಳು, “ಟೀಚರ್, ನಾವು ಈ ಎರಡು ಪಟ್ಟಿಯನ್ನು ಬರೆಯಲೇ ಇಲ್ಲ ಅಲ್ವಾ? ಯಾರೋ ಗುಡಿಸಿ ಹೊರಗೆ ಹಾಕಿದ ಹಾಗೆ!” ಎಂದಳು. ಆ ಎರಡು ಪಟ್ಟಿಗಳೇ 6x. ಆಮೇಲೆ ಆ ತರಗತಿಯಲ್ಲಿ ನಡುವಿನ ಪದವನ್ನು ಯಾರೂ ನುಂಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನುಂಗುವವರು ಕಡಿಮೆಯಾದರು.

ಸಿಟ್ಟಾದವರು ಪಿ.ಟಿ. ಮಾಸ್ಟ್ರು. ನಾವು ಚೌಕ ಎಳೆದದ್ದು ಅವರ ಕಬಡ್ಡಿ ಅಂಕಣದ ಮೇಲೆ. ಸಂಜೆ ಅಭ್ಯಾಸಕ್ಕೆ ಇಳಿದ ಹುಡುಗರಿಗೆ ಯಾವ ಗೆರೆ ದಾಟಿದರೆ ಔಟ್ ಎಂದು ಗೊತ್ತಾಗದೆ ಜಗಳವಾಯಿತು. “ನಿಮ್ಮ ಎಕ್ಸ್ ಸ್ಕ್ವೇರನ್ನು ಬೋರ್ಡಿನ ಮೇಲೆ ಮಾಡಿ ಮಾರಾಯ್ತಿ, ನನ್ನ ಗ್ರೌಂಡಿನಲ್ಲಿ ಅಲ್ಲ,” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಮುಂದೆ ಅಂಗಳವನ್ನು ಬೋರ್ಡಿನ ಮೇಲೆಯೇ ಹಿಗ್ಗಿಸುತ್ತಿದ್ದೆ.

ಉಡುಪಿಯ ಶಾಲೆಗೆ ಬಂದ ಮೇಲೆ ಇನ್ನೊಂದು ರೋಗ ಕಂಡೆ. f(x) = x² − 5x + 6 ಎಂದು ಕೊಟ್ಟು, f(a + 1) ಎಷ್ಟು ಎಂದು ಕೇಳಿದರೆ, ಮಕ್ಕಳು a² − 5a + 6 ಬರೆದು ಕೊನೆಯಲ್ಲಿ ಒಂದು + 1 ಸಿಕ್ಕಿಸುತ್ತಿದ್ದರು. ಬಾಗಿಲಲ್ಲಿ ನಿಂತ ನೆಂಟರ ಚೀಲವನ್ನಷ್ಟೇ ಒಳಗೆ ತಂದ ಹಾಗೆ. x ಎನ್ನುವುದು ಒಂದು ಜಾಗ, ಅಲ್ಲಿಗೆ ಬರುವವರು ಇಡಿಯಾಗಿ ಬರಬೇಕು, ಎಲ್ಲ ಕಡೆಗೂ ಬರಬೇಕು ಎಂದು ಎಷ್ಟು ಸಲ ಹೇಳಿದರೂ ಮಾತಾಗಿಯೇ ಉಳಿಯುತ್ತಿತ್ತು.

ಕೊನೆಗೆ ಒಂದು ಕಟ್ಟಳೆ ಮಾಡಿದೆ. ಬೆಲೆ ಹಾಕುವ ಮೊದಲು x ಇರುವಲ್ಲೆಲ್ಲ ಖಾಲಿ ಬ್ರ್ಯಾಕೆಟ್ ಬರೆಯಬೇಕು. ( )² − 5( ) + 6. ಅದನ್ನು ನೋಡಿದ ಮೇಲಷ್ಟೇ ಒಳಗೆ ತುಂಬಿಸಬೇಕು. ಮಲ್ಪೆಯಿಂದ ಬರುತ್ತಿದ್ದ ಶರ್ಮಿಳಾ ಎಂಬ ಹುಡುಗಿ, “ಬೋಟ್ ಬರುವ ಮೊದಲೇ ಮೀನಿನ ಕ್ರೇಟ್ ಸಾಲಾಗಿ ಇಡುತ್ತಾರಲ್ಲ, ಹಾಗೆ,” ಎಂದು ಪಕ್ಕದವಳಿಗೆ ವಿವರಿಸಿದಳು. ನನ್ನ ವಿವರಣೆಗಿಂತ ಅದು ಚೆನ್ನಾಗಿತ್ತು. ಮೈನಸ್ ಎರಡು ಬಂದರೆ ಮೈನಸ್ ಸಮೇತ ಒಳಗೆ ಹೋಗಬೇಕು, ತಲೆ ಕತ್ತರಿಸಿ ಹಾಕುವ ಹಾಗಿಲ್ಲ ಎಂದು ನಾನು ಸೇರಿಸಿದೆ.

ಆ ದಿನಗಳಲ್ಲಿ ಒಬ್ಬರು ಪರಿವೀಕ್ಷಕರು ತಪಾಸಣೆಗೆ ಬಂದರು. ಮುಖ ಗಂಟು ಹಾಕಿಕೊಂಡೇ ಹುಟ್ಟಿದವರು. ಮಕ್ಕಳು ಖಾಲಿ ಬ್ರ್ಯಾಕೆಟ್ ಬರೆಯುತ್ತಿರುವುದನ್ನು ಕಂಡು, “ಎರಡು ಅಂಕದ ಪ್ರಶ್ನೆಗೆ ಇಷ್ಟು ಮೆರವಣಿಗೆ ಯಾಕೆ ಟೀಚರ್?” ಎಂದರು. ನನಗೆ ಉರಿಯಿತು. ಉತ್ತರ ಹೇಳುವ ಮೊದಲೇ ಅವರು ಚಾಕ್ ಎತ್ತಿಕೊಂಡು ಬೋರ್ಡಿನ ಮೇಲೆ x² − 4x + 4 ಎಂದು ಬರೆದು, x = 102 ಆದಾಗ ಇದರ ಬೆಲೆ ಎಷ್ಟು ಎಂದು ಮಕ್ಕಳನ್ನು ಕೇಳಿದರು. ಮಕ್ಕಳು ಬ್ರ್ಯಾಕೆಟ್ ಹಾಕಿ, ನೂರ ಎರಡರ ವರ್ಗ ಮಾಡಲು ಶುರು ಹಚ್ಚಿದರು. ಪರಿವೀಕ್ಷಕರು ಕಿಟಕಿಯ ಹೊರಗೆ ನೋಡುತ್ತ ನಿಂತರು. ಯಾರೂ ಮುಗಿಸಲಿಲ್ಲ. ಆಗ ಬೋರ್ಡಿನ ಮೇಲೆ (x − 2)² ಎಂದು ಬರೆದು, “ಈಗ ಹೇಳಿ,” ಎಂದರು. ನೂರರ ವರ್ಗ. ಹಿಂದಿನ ಬೆಂಚಿನವರೂ ಕೂಗಿ ಹೇಳಿದರು.

“ಮೊದಲು ಸುಲಭ ಮಾಡಿಕೊಳ್ಳಿ, ಆಮೇಲೆ ಬೆಲೆ ಹಾಕಿ. ಬ್ರ್ಯಾಕೆಟ್ ತಪ್ಪಲ್ಲ. ಆದರೆ ಎಲ್ಲಿ ಹಾಕುವುದು ಅಂತ ಮೊದಲು ನೋಡಬೇಕು,” ಎಂದು ನನಗೆ ಹೇಳಿ ಚಾಕಿನ ಪುಡಿ ಕೊಡವಿಕೊಂಡು ಹೋದರು. ವರದಿಯಲ್ಲಿ ನನ್ನ ಬಗ್ಗೆ ಒಳ್ಳೆಯದೇನೂ ಬರೆಯಲಿಲ್ಲ. ಆ ಮನುಷ್ಯ ನನಗೆ ಕಡೆಯವರೆಗೂ ಇಷ್ಟವಾಗಲಿಲ್ಲ, ಆದರೆ ಅವರು ಕೊಟ್ಟು ಹೋದ ಪಾಠವನ್ನು ನಾನು ನಿವೃತ್ತಿಯವರೆಗೂ ಕಲಿಸಿದೆ. ಮೇಲಧಿಕಾರಿಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟೆ: ಮೋರೆ ನೋಡಬೇಡಿ, ಬೋರ್ಡ್ ನೋಡಿ.

ಈಗ ಅಲೆವೂರಿನ ಮನೆಯಿಂದ ಮಣಿಪಾಲಕ್ಕೆ ವಾರಕ್ಕೆ ಕೆಲವು ಸಂಜೆ ಹೋಗಿ ಒಂದಿಷ್ಟು ಮಕ್ಕಳಿಗೆ ಹೇಳಿಕೊಡುತ್ತೇನೆ. ಅಲ್ಲಿನ ಮಕ್ಕಳು ಲೆಕ್ಕವನ್ನು ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ, ಉತ್ತರ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ಮೊನ್ನೆ ಒಬ್ಬಳು, “ಟೀಚರ್, ಮೈನಸ್ ಮೂರರ ವರ್ಗ ಒಂಬತ್ತು ಅಂತ ನೀವು ಹೇಳಿದ್ದು ತಪ್ಪು, ಕ್ಯಾಲ್ಕುಲೇಟರ್ ಮೈನಸ್ ಒಂಬತ್ತು ಹೇಳ್ತದೆ,” ಎಂದು ಯಂತ್ರವನ್ನೇ ಸಾಕ್ಷಿಗೆ ತಂದಳು. ಅವಳು ಬ್ರ್ಯಾಕೆಟ್ ಇಲ್ಲದೆ −3² ಎಂದು ಒತ್ತಿದ್ದಳು. ಮೂರರ ವರ್ಗ ಮಾಡಿ ಮೈನಸ್ ಹಚ್ಚು ಎಂದು ಹೇಳಿದರೆ ಯಂತ್ರ ಅದನ್ನೇ ಮಾಡುತ್ತದೆ. (−3)² ಎಂದು ಒತ್ತಲು ಹೇಳಿದೆ, ಒಂಬತ್ತು ಬಂತು. ಯಂತ್ರವನ್ನು ಬೈಯುವ ಅಭ್ಯಾಸ ನನಗಿಲ್ಲ. ಅದು ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಕೇಳಲು ಕಲಿಸುವವರಿಗೆ ಇನ್ನೂ ಕೆಲವು ಕಾಲ ಕೆಲಸ ಉಂಟು.

ಇನ್ನು ಕಾಪುವಿನ ಪ್ರಕರಣ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಉಡುಪಿಯ ಶಾಲೆಯಿಂದ ನಿವೃತ್ತಳಾದ ಮೇಲೆ ಕಾಪುವಿನ ಒಂದು ಖಾಸಗಿ ಹೈಸ್ಕೂಲಿನವರು ಗಣಿತಕ್ಕೆ ಜನ ಸಿಗುವವರೆಗೆ ಬನ್ನಿ ಎಂದು ಕರೆದರು. ಆ ಶಾಲೆಗೆ ಹತ್ತನೆಯ ತರಗತಿಯಲ್ಲಿ ಪ್ರತಿ ವರ್ಷ ನೂರಕ್ಕೆ ನೂರು ಫಲಿತಾಂಶ. ಅದರ ಗುಟ್ಟು ನನಗೆ ಅಲ್ಲಿಗೆ ಸೇರಿದ ವರ್ಷವೇ ತಿಳಿಯಿತು. ಪಬ್ಲಿಕ್ ಪರೀಕ್ಷೆಗೆ ಮೊದಲು ಪ್ರಿಪರೇಟರಿ ನಡೆಯುತ್ತದೆ. ಅದರಲ್ಲಿ ಫೇಲಾದ ಮಕ್ಕಳ ಮನೆಯವರನ್ನು ಕರೆದು, ಈ ವರ್ಷ ಬೇಡ, ಮುಂದೆ ಪ್ರೈವೇಟ್ ಆಗಿ ಕಟ್ಟಿಸಿ ಎಂದು ಬುದ್ಧಿ ಹೇಳುವುದು. ಒಪ್ಪದಿದ್ದರೆ ಹಾಜರಾತಿ ಸಾಲದು ಎನ್ನುವುದು. ಸೋಲುವವರು ಪರೀಕ್ಷೆಗೇ ಕೂರದಿದ್ದರೆ ಗೆಲ್ಲುವವರು ನೂರಕ್ಕೆ ನೂರೇ ತಾನೆ? ಹಾಗೆ ಕಳಿಸಿದ ಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಪುಸ್ತಕ ಮುಟ್ಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ನನ್ನ ತರಗತಿಯಲ್ಲಿ ಸಾಜಿದಾ ಎಂಬ ಹುಡುಗಿಯಿದ್ದಳು. ಬ್ಯಾರಿ ಮನೆಯ ಮಗಳು, ತಂದೆ ಸೌದಿಯಲ್ಲಿ. ತುಂಬ ನಿಧಾನ. ಉಳಿದವರು ಮೂರು ಲೆಕ್ಕ ಮುಗಿಸುವಾಗ ಅವಳದು ಒಂದು. ಆದರೆ ಆ ಒಂದನ್ನು ಒರೆಸಿ ತಿದ್ದಬೇಕಾಗುತ್ತಿರಲಿಲ್ಲ. ಪ್ಯಾರಾಮೆಡಿಕಲ್ ಓದಿ ಮಣಿಪಾಲದ ಯಾವುದಾದರೂ ಲ್ಯಾಬಿನಲ್ಲಿ ಕೆಲಸ ಮಾಡಬೇಕು ಎಂದು ಅವಳ ಆಸೆ. ನಿಧಾನಸ್ಥರಿಗೆ ಒಳ್ಳೆಯ ಕೆಲಸ ಅದು ಎಂದು ನನಗೂ ಅನ್ನಿಸಿತ್ತು.

ಪ್ರಿಪರೇಟರಿಯ ಗಣಿತದಲ್ಲಿ ಅವಳು ಎರಡು ಅಂಕದಿಂದ ಫೇಲಾದಳು. ಉತ್ತರ ಪತ್ರಿಕೆಗಳನ್ನು ನಾಲ್ಕಾರು ಶಾಲೆಗಳವರು ಅದಲು ಬದಲು ಮಾಡಿ, ಒಂದೇ ಉತ್ತರ ಸೂಚಿ ಇಟ್ಟುಕೊಂಡು ತಿದ್ದುವ ಪದ್ಧತಿ. ಆ ಸೂಚಿಗೆ ನಾವು ಮಾಸ್ಟ್ರುಗಳು ‘ಕೀ’ ಎನ್ನುತ್ತೇವೆ. ಪತ್ರಿಕೆಗಳು ವಾಪಸು ಬಂದಾಗ ಅವಳದನ್ನು ತಿರುವಿ ನೋಡಿದೆ. f(x) = 10 − 3x − x² ಆದರೆ f(−2) ಎಷ್ಟು ಎಂಬ ಎರಡು ಅಂಕದ ಪ್ರಶ್ನೆಗೆ ಅವಳು ಖಾಲಿ ಬ್ರ್ಯಾಕೆಟ್ ಬರೆದು, ತುಂಬಿಸಿ, 10 + 6 − 4, ಹನ್ನೆರಡು ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು, ಸೊನ್ನೆ. ಕೀ ತೆಗೆದು ನೋಡಿದರೆ ಅಲ್ಲಿ ಇಪ್ಪತ್ತು! ಮೈನಸ್ ಎರಡರ ವರ್ಗ ನಾಲ್ಕು, ಸರಿ. ಆದರೆ x² ನ ಹಿಂದೆ ನಿಂತಿದ್ದ ಮೈನಸನ್ನು ಕೀ ಬರೆದವರು ನುಂಗಿದ್ದರು. ಇದು ಮಕ್ಕಳ ತಪ್ಪಲ್ಲ, ಸಾವಿರ ಸಲ ಅದೇ ಲೆಕ್ಕ ಮಾಡಿದವರ ತಪ್ಪು. ಕಣ್ಣು ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ.

ಕೀ ಬರೆದವರು ವಾಸುದೇವ ರಾಯರು. ಉಡುಪಿಯ ಇನ್ನೊಂದು ಶಾಲೆಯ ಹಿರಿಯ ಮಾಸ್ಟ್ರು, ನನ್ನ ಹಳೆಯ ಪರಿಚಯ. ಸಂಜೆಯ ಬಸ್ಸಿಗೆ ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ಲೆಕ್ಕ ನೋಡಿ, “ಇಪ್ಪತ್ತೇ ಅಲ್ವಾ ವಾರಿಜಾ?” ಎಂದರು. ಮತ್ತೊಮ್ಮೆ ಮಾಡಿ ಎಂದೆ. ಪೆನ್ನು ಹಿಡಿದು ಸರಸರನೆ ಮಾಡಿದರು, ಮತ್ತೆ ಇಪ್ಪತ್ತೇ ಬಂತು. ನಾನು ಕಾಫಿ ಕುಡಿಯುತ್ತ ಕುಳಿತೆ. ಮೂರನೆಯ ಸಲ ಒಂದೊಂದೇ ಸಾಲು ಬರೆದರು. ಪೆನ್ನು ನಿಂತಿತು.

“ಹೌದು ಮಾರಾಯ್ತಿ. ಹನ್ನೆರಡು,” ಎಂದು ಕನ್ನಡಕ ತೆಗೆದಿಟ್ಟರು. “ಈಗ ಎಂತ ಮಾಡುವುದು? ಎಲ್ಲ ಶಾಲೆಯಲ್ಲೂ ಅಂಕ ಹಾಕಿ ಆಯಿತು. ಇಪ್ಪತ್ತು ಬರೆದ ಮಕ್ಕಳ ಅಂಕ ಈಗ ಕಿತ್ತುಕೊಂಡರೆ ಮನೆಯವರು ಸುಮ್ಮನೆ ಬಿಡುತ್ತಾರಾ?”

ನಮ್ಮ ವೃತ್ತಿಯಲ್ಲಿ ಇಂಥ ಕಡೆ ಒಂದು ಹಳೆಯ ಮದ್ದಿದೆ. ಆ ರಾತ್ರಿಯೇ ಗಣಿತ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ರಾಯರ ಸಂದೇಶ ಬಂತು: ಆ ಪ್ರಶ್ನೆಗೆ ಪ್ರಯತ್ನಿಸಿದ ಎಲ್ಲರಿಗೂ ಪೂರ್ಣ ಅಂಕ ಕೊಡುವುದು. ಕೀ ತಪ್ಪು ಎಂಬ ಮಾತು ಅದರಲ್ಲಿರಲಿಲ್ಲ. ಹತ್ತು ಮಂದಿ ಹೆಬ್ಬೆರಳು ಎತ್ತಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮರುದಿನ ತರಗತಿಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಜಿದಾ ಮಾತ್ರ ಎದ್ದು ನಿಂತು, “ಟೀಚರ್, ಹನ್ನೆರಡೂ ಸರಿ, ಇಪ್ಪತ್ತೂ ಸರಿ ಅಂತ ಹೇಗೆ ಆಗುವುದು?” ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಆ ದಿನ ಬೇರೆ ಪಾಠ ಬಿಟ್ಟು ಅದೊಂದೇ ಲೆಕ್ಕವನ್ನು ಎಲ್ಲರಿಂದ ಮಾಡಿಸಿದೆ. ಪಬ್ಲಿಕ್ ಪರೀಕ್ಷೆಯಲ್ಲಿ ಇಪ್ಪತ್ತು ಬರೆದರೆ ಯಾವ ವಾಟ್ಸ್‌ಆ್ಯಪ್ಪೂ ಬರುವುದಿಲ್ಲ ಎಂದೂ ಹೇಳಿದೆ.

ಸಾಜಿದಾ ಈಗ ಪಾಸು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಎರಡು ದಿನ ಬಿಟ್ಟು ಅವಳ ತಾಯಿ ಝೊಹರಾರನ್ನು ಕಚೇರಿಗೆ ಕರೆಸಿದ್ದಾರೆ ಎಂದು ತಿಳಿಯಿತು. ನಾನೂ ಹೋದೆ. ಶಾಲೆಯ ಸಂಚಾಲಕರು ಮೇಜಿನ ಹಿಂದೆ, ಹೆಡ್‌ಮಾಸ್ಟ್ರು ಪಕ್ಕದಲ್ಲಿ. ಝೊಹರಾ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ಮಗಳು ಅವರ ಹಿಂದೆ ನಿಂತಿದ್ದಳು.

ಸಂಚಾಲಕರು ಕೆಟ್ಟವರಲ್ಲ. ಬಡ ಮಕ್ಕಳ ಫೀಸು ಕೈಯಿಂದ ಕಟ್ಟಿದ್ದನ್ನು ನಾನೇ ಕಂಡಿದ್ದೇನೆ. ಆದರೆ ನೂರು ಎಂಬ ಸಂಖ್ಯೆ ಅವರ ತಲೆಯಲ್ಲಿ ಮನೆ ಕಟ್ಟಿಕೊಂಡಿತ್ತು. ಮೃದುವಾಗಿಯೇ ಹೇಳುತ್ತಿದ್ದರು. “ನೋಡಿ ಅಮ್ಮ, ನಿಮ್ಮ ಮಗಳು ಪಾಸಾದದ್ದು ಗ್ರೇಸ್ ಮಾರ್ಕಿನಲ್ಲಿ. ಎಲ್ಲರಿಗೂ ಕೊಟ್ಟ ಹಾಗೆ ಇವಳಿಗೂ ಸಿಕ್ಕಿತು. ಪಬ್ಲಿಕ್‌ನಲ್ಲಿ ಹಾಗೆ ಕೊಡುವವರು ಯಾರೂ ಇಲ್ಲ. ಒಂದು ವರ್ಷ ನಿಲ್ಲಲಿ, ಚೆನ್ನಾಗಿ ಓದಿ ಪ್ರೈವೇಟ್ ಆಗಿ ಕಟ್ಟಲಿ.”

“ಅದು ಗ್ರೇಸ್ ಅಲ್ಲ ಸರ್,” ಎಂದೆ. “ಅವಳು ಬರೆದದ್ದು ಸರಿ. ತಪ್ಪಿದ್ದು ಕೀ. ಅದು ಅವಳದೇ ಅಂಕ.”

“ರಾಯರ ಸರ್ಕ್ಯುಲರಿನಲ್ಲಿ ಹಾಗೆ ಇಲ್ಲವಲ್ಲ ಟೀಚರ್? ಎಲ್ಲರಿಗೂ ಕೊಡಿ ಅಂತ ಉಂಟು. ಎಲ್ಲರಿಗೂ ಕೊಟ್ಟದ್ದು ಗ್ರೇಸೇ ಅಲ್ವಾ?”

ಹುಡುಗಿ ಸರಿಯಾಗಿ ಮಾಡಿದ್ದಕ್ಕೆ ಮೊದಲು ಸೊನ್ನೆ ಬಂತು, ಆಮೇಲೆ ಭಿಕ್ಷೆ ಎಂಬ ಹೆಸರು ಬಂತು. ಆದರೂ ದನಿ ಏರಿಸಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ಇಡೀ ತರಗತಿಯ ಪತ್ರಿಕೆಗಳ ಕಟ್ಟು ತಂದು ಮೇಜಿನ ಮೇಲಿಟ್ಟೆ. ಹನ್ನೆರಡು ಬರೆದವರನ್ನು ಒಂದು ಕಡೆ, ಇಪ್ಪತ್ತು ಬರೆದವರನ್ನು ಇನ್ನೊಂದು ಕಡೆ ಹಾಕುತ್ತ ಹೋದೆ. ಹನ್ನೆರಡರ ಕಡೆ ತೆಳ್ಳಗಿತ್ತು. ಇಪ್ಪತ್ತರ ಕಡೆಯಿಂದ ನಾಲ್ಕೈದು ಪತ್ರಿಕೆ ಹೆಕ್ಕಿ ಸಂಚಾಲಕರ ಎದುರು ಸರಿಸಿದೆ.

“ಇವರೆಲ್ಲ ಅಂಚಿನಲ್ಲಿ ಪಾಸಾದವರು ಸರ್. ಇಪ್ಪತ್ತಕ್ಕೆ ಸಿಕ್ಕಿದ ಅಂಕ ತೆಗೆದರೆ ಫೇಲು. ಗ್ರೇಸಿನಲ್ಲಿ ಪಾಸಾದವರನ್ನು ನಿಲ್ಲಿಸುವುದಾದರೆ ಇವರ ಮನೆಯವರನ್ನೂ ಇವತ್ತೇ ಕರೆಸಿ. ಇವರು ಬೇಡ, ಸಾಜಿದಾ ಒಬ್ಬಳೇ ನಿಲ್ಲಲಿ ಅಂತಾದರೆ ಕಾರಣ ಬರೆದು ಕೊಡಿ. ಸರಿ ಉತ್ತರ ಬರೆದದ್ದಕ್ಕೆ ನಿಲ್ಲಿಸಿದ್ದೇವೆ ಅಂತ.”

ಹೆಡ್‌ಮಾಸ್ಟ್ರು ಪತ್ರಿಕೆಗಳ ಮೇಲಿನ ಹೆಸರುಗಳನ್ನು ಓದಿದರು. ಅದರಲ್ಲಿ ಶಾಲಾ ಸಮಿತಿಯ ಸದಸ್ಯರೊಬ್ಬರ ಮಗನೂ ಇದ್ದ. ಓದಿ ಮುಗಿಸಿ ಹೆಡ್‌ಮಾಸ್ಟ್ರು ಸಂಚಾಲಕರ ಕಿವಿಯಲ್ಲಿ ಏನೋ ಹೇಳಿದರು. ಸಂಚಾಲಕರು ನಕ್ಕುಬಿಟ್ಟರು.

“ನೀವು ಲಾಯರ್ ಆಗಬೇಕಿತ್ತು ಟೀಚರ್. ಆಯಿತು, ಕೂರಲಿ. ಎಲ್ಲರೂ ಕೂರಲಿ.”

ಸಾಜಿದಾ ಅಳಲು ಶುರು ಮಾಡಿದಳು. ನಾನು ಪತ್ರಿಕೆ ಜೋಡಿಸುವ ನೆವದಲ್ಲಿ ತಲೆ ತಗ್ಗಿಸಿದೆ. ಝೊಹರಾ ಎದ್ದು ಹೊರಡುತ್ತಾರೆ, ಒಂದು ನಮಸ್ಕಾರ ಹೇಳುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಏಳಲಿಲ್ಲ.

“ಸರ್, ನನ್ನ ದೊಡ್ಡ ಮಗ ನಿಸಾರ್ ಕೂಡ ಇದೇ ಶಾಲೆ. ಎರಡು ವರ್ಷದ ಮೊದಲು ಇದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಅವನು ಗಣಿತದಲ್ಲಿ ಸಾಲದು, ನಿಲ್ಲಿಸಿ ಅಂತ ಹೇಳಿದಿರಿ. ನನಗೆ ಓದು ಇಲ್ಲ. ನೀವು ಹೇಳಿದ್ದು ಸರಿ ಇರಬೇಕು ಅಂತ ಕರೆದುಕೊಂಡು ಹೋದೆ. ಅವನ ಪೇಪರನ್ನು ಹೀಗೆ ಯಾರಾದರೂ ಪುನಃ ನೋಡಿದ್ದರಾ?”

ನಾನು ಆ ಶಾಲೆಗೆ ಬಂದದ್ದೇ ಆಮೇಲೆ, ಸಾಜಿದಾ ಹತ್ತನೆಯಲ್ಲಿದ್ದ ವರ್ಷ, ನನಗೆ ಇಂಥ ಒಬ್ಬ ಮಗನಿದ್ದಾನೆ ಎಂಬುದೂ ಗೊತ್ತಿರಲಿಲ್ಲ. ಹೆಡ್‌ಮಾಸ್ಟ್ರು, “ಅಷ್ಟು ಹಳೆಯ ಪೇಪರ್ ಈಗ ಇಲ್ಲ ಅಮ್ಮ, ರದ್ದಿಗೆ ಹಾಕಿ ಆಯಿತು,” ಎಂದರು.

“ಪೇಪರ್ ಇಲ್ಲದಿದ್ದರೆ ಬೇಡ ಸರ್,” ಎಂದರು ಝೊಹರಾ. “ಹುಡುಗ ಉಂಟಲ್ಲ.”

ಸಂಚಾಲಕರು ಮೇಜಿನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, “ಸಂಜೆ ನೀವು ಮಾಡುವ ಸ್ಪೆಷಲ್ ಕ್ಲಾಸ್ ಎಷ್ಟು ಗಂಟೆಗೆ ಟೀಚರ್?” ಎಂದು ಕೇಳಿದರು.

ಮರುವಾರದಿಂದ ನಿಸಾರ್ ಆ ಕ್ಲಾಸಿಗೆ ಬರತೊಡಗಿದ. ಉದ್ಯಾವರದ ಟೈಲ್ಸ್ ಅಂಗಡಿಯಲ್ಲಿ ಕೆಲಸ ಮುಗಿಸಿ ನೇರ ಬರುತ್ತಿದ್ದ, ಅಂಗಿಯ ತೋಳಿಗೆ ಸಿಮೆಂಟಿನ ಪುಡಿ ಇರುತ್ತಿತ್ತು. ಗಡ್ಡ ಬಂದಿತ್ತು, ಯೂನಿಫಾರ್ಮ್ ಇರಲಿಲ್ಲ. ಬೆಂಚು ಅವನಿಗೆ ಸಣ್ಣದಾಗಿತ್ತು. ಮೊದಲ ದಿನ ಒಂದು ಲೆಕ್ಕ ಕೊಟ್ಟೆ. ಬರೆದು ಮುಗಿಸಿದ ಮೇಲೆ ಉತ್ತರ ಸರಿಯಾ ಎಂದು ಅವನು ಕೇಳಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದು, “ನೀವು ಪೂರ್ತಿ ನೋಡಿ ಟೀಚರ್,” ಎಂದ.